ಮಾಳಿಗೆಯ ಕುಂಬಿ

ಸಭೆಗಳ ಅಭ್ಯಾಸಕ್ಕಾಗಿ ಒಂದು ಪಾಠ

ಓದತಕ್ಕ ವೇದಭಾಗಗಳು: ಧರ್ಮೋಪದೇಶಕಾಂಡ ೨೨:೮, ವಿಮೋಚನಕಾಂಡ ೨೧:೩೩, ೩೪, ಯೋಹಾನ ೯:೧-೩.



ಮಾಳಿಗೆಯ ಮನೆಯೆಂದರೆ ಏನೆಂಬದನ್ನು ಮನ್ನಳ್ಳಿಯ ಸುತ್ತಲಿನ ಹಳ್ಳಿಗಳವರಿಗೆ ಯಾರೂ ವಿವರಿಸಬೇಕಾದದ್ದಿಲ್ಲ. ಬೇಸಿಗೆಯ ರಾತ್ರಿಯಲ್ಲಿ ನಾವು ಅಲ್ಲಿ ಮಲಗುತ್ತೇವೆ. ಮೆಣಸಿನಕಾಯಿಯೂ ಬೇಳೆಯೂ ಸಂಡಿಗೆಯೂ ಅಲ್ಲಿ ಒಣಗುತ್ತವೆ. ಮಕ್ಕಳು ಅಲ್ಲಿ ಆಡುತ್ತಾರೆ. ಅಂಚಿಗೆ ಹೋಗಬೇಡವೆಂದು ಕೆಳಗಿನಿಂದ ಕೂಗದ ತಾಯಿ ನಮ್ಮಲ್ಲಿ ಇಲ್ಲ. ಇಸ್ರಾಯೇಲ್ಯರ ಮನೆಗಳೂ ಇಂಥ ಮಟ್ಟಸ ಮಾಳಿಗೆಯ ಮನೆಗಳೇ ಆಗಿದ್ದವು. ಆದಕಾರಣ ಮೋಶೆಯ ಧರ್ಮಶಾಸ್ತ್ರದಲ್ಲಿರುವ ಒಂದು ಚಿಕ್ಕ ಆಜ್ಞೆಯು ಪಟ್ಟಣದ ವಿದ್ವಾಂಸನಿಗಿಂತ ನಮಗೆ ಬೇಗನೆ ತಿಳಿಯುವದು.

೧. ಆಜ್ಞೆಯ ಅರ್ಥ

ಹೊಸ ಮನೆಯನ್ನು ಕಟ್ಟುವವನು ಮಾಳಿಗೆಯ ಸುತ್ತಲೂ ಕುಂಬಿಯನ್ನು, ಅಂದರೆ ಅಂಚಿನ ಗಿಡ್ಡ ಗೋಡೆಯನ್ನು, ಕಟ್ಟತಕ್ಕದ್ದೆಂಬದೇ ಆ ಆಜ್ಞೆ. ಕಟ್ಟದೆ ಬಿಟ್ಟು, ಯಾವನಾದರೂ ಬಿದ್ದು ಸತ್ತರೆ, ಆ ಪ್ರಾಣದ ಲೆಕ್ಕವನ್ನು ದೇವರು ಆ ಮನೆಯವರಿಂದ ಕೇಳುವನು. ಇದರಲ್ಲಿ ಮೂರು ಸಂಗತಿಗಳನ್ನು ಗಮನಿಸಿರಿ.

ಮೊದಲನೆಯದು, ಕುಂಬಿಯನ್ನು ಕಟ್ಟುವ ಹೊಣೆಯು ಮನೆಯ ಯಜಮಾನನದು, ಮಾಳಿಗೆ ಹತ್ತುವವನದಲ್ಲ. ಎರಡನೆಯದು, ಅದನ್ನು ಮನೆ ಕಟ್ಟುವಾಗಲೇ ಕಟ್ಟಬೇಕು. ಒಬ್ಬನು ಬಿದ್ದ ಮೇಲೆ ಅಲ್ಲ. ಮೂರನೆಯದು, ಬಿದ್ದವನು ನಿದ್ದೆಗಣ್ಣಿನವನೋ, ತಿಳಿಗೇಡಿಯೋ, ಮಗುವೋ, ಪರದೇಶಿಯೋ ಎಂದು ಶಾಸ್ತ್ರವು ವಿಚಾರಿಸುವದಿಲ್ಲ. ಮನುಷ್ಯನು ಎಡವುವವನೆಂಬದು ದೇವರಿಗೆ ಗೊತ್ತಿದೆ. ಎಡವಿದವನು ಸಾಯದಂತೆ ಮೊದಲೇ ಏರ್ಪಾಡು ಮಾಡುವದೇ ನೀತಿಯೆಂದು ಆತನು ಕಲಿಸುತ್ತಾನೆ.

ಈಗ ನಾವು ಕೇಳತಕ್ಕ ಪ್ರಶ್ನೆ ಇದು: ಒಬ್ಬನು ಕೂಲಿಗೆ ಕರೆದ ಕೆಲಸದಲ್ಲಿ ಮತ್ತೊಬ್ಬನ ಪುಪ್ಪುಸವೂ ಕಣ್ಣೂ ರಕ್ತವೂ ಕೆಡುವದಾದರೆ, ಆ ಕೆಲಸವು ಕುಂಬಿಯಿಲ್ಲದ ಮಾಳಿಗೆಯಲ್ಲವೋ?

೨. ಕಣ್ಣಿಗೆ ಕಾಣದ ಬೀಳುವಿಕೆ

ಮಾಳಿಗೆಯಿಂದ ಬಿದ್ದವನನ್ನು ಊರೆಲ್ಲಾ ನೋಡುವದು. ಆದರೆ ಕೆಲಸದಿಂದ ಹುಟ್ಟುವ ರೋಗವು ನಿಧಾನವಾದ ಬೀಳುವಿಕೆ. ಇಂದು ಸೇರಿದ ಧೂಳು ಹತ್ತು ವರುಷಗಳ ಮೇಲೆ ಕೆಮ್ಮಾಗಿ ಬರುವದು. ಅಷ್ಟರಲ್ಲಿ ಕೆಲಸಗಾರನು ಬೇರೆ ಊರಿಗೆ ಹೋಗಿರುವನು. ಯಜಮಾನನು ಅವನ ಹೆಸರನ್ನೂ ಮರೆತಿರುವನು. ನೆರೆಯವರು ಅವನ ಹಣೆಬರಹವೆಂದು ಹೇಳಿ ಸುಮ್ಮನಾಗುವರು. ಹೀಗೆ ಕಾರಣವೂ ಫಲವೂ ಒಂದಕ್ಕೊಂದು ದೂರವಾಗಿರುವದರಿಂದ ಕೊಂದದ್ದು ಯಾವದೆಂದು ಯಾರೂ ಕೇಳುವದಿಲ್ಲ.

ಇದನ್ನು ಶ್ರದ್ಧೆಯಿಂದ ಕೇಳಿದ ಒಬ್ಬ ವೈದ್ಯನ ಸಂಗತಿಯನ್ನು ನಾವು ತಿಳಿಯುವದು ಒಳ್ಳೇದು. ಅವನ ಹೆಸರು ಬೆರ್ನಾರ್ದಿನೋ ರಮಜ್ಜೀನಿ. ಇಟಲಿ ದೇಶದ ಮೋದೆನಾ ಪಟ್ಟಣದಲ್ಲಿ ವೈದ್ಯನಾಗಿದ್ದನು. ಒಂದು ಸಾರಿ ಅವನ ಮನೆಯ ಮಲದ ಗುಂಡಿಯನ್ನು ಬಳಿಯಲಿಕ್ಕೆ ಬಂದವನು ಬಹಳ ಅವಸರದಿಂದ ಕೆಲಸ ಮಾಡುತ್ತಿದ್ದನು. ಇಷ್ಟು ಆತುರವೇಕೆಂದು ವೈದ್ಯನು ಕೇಳಿದಾಗ, ಆ ಗುಂಡಿಯಲ್ಲಿ ಕೆಲವು ತಾಸು ಹೆಚ್ಚಾಗಿ ನಿಂತರೆ ಕಣ್ಣು ಕುರುಡಾದ ಹಾಗಾಗುವದೆಂದು ಅವನು ಉತ್ತರ ಕೊಟ್ಟನು. ವೈದ್ಯನು ಅವನ ಕಣ್ಣುಗಳನ್ನು ನೋಡಲಾಗಿ ಅವು ಕೆಂಪಾಗಿ ಉರಿಯುತ್ತಿದ್ದವು. ಆ ದಿನದಿಂದ ರಮಜ್ಜೀನಿಯು ಕುಂಬಾರ, ಕಲ್ಲುಕುಟಿಗ, ಅಗಸ, ಚರ್ಮಗಾರ, ಸೂಲಗಿತ್ತಿ ಮೊದಲಾದವರ ಬಳಿಗೆ ಹೋಗಿ ಅವರವರ ಕಸುಬಿನಿಂದ ಬರುವ ರೋಗಗಳನ್ನು ವಿಚಾರಿಸಿ, ೧೭೦೦ನೆಯ ಇಸವಿಯಲ್ಲಿ ಒಂದು ದೊಡ್ಡ ಗ್ರಂಥವನ್ನು ಪ್ರಕಟಿಸಿದನು. ರೋಗಿಯ ನಾಡಿಯನ್ನು ಹಿಡಿಯುವ ವೈದ್ಯನು ಅವನ ಕೆಲಸವೇನೆಂದು ತಪ್ಪದೆ ಕೇಳಬೇಕೆಂಬದು ಅವನ ಉಪದೇಶ.

ಸಹೋದರರೇ, ಈ ವಿದ್ಯೆಯು ಅರಮನೆಯಲ್ಲಿ ಹುಟ್ಟಲಿಲ್ಲ. ಮಲದ ಗುಂಡಿಯಲ್ಲಿ ನಿಂತ ಒಬ್ಬ ಬಡವನನ್ನು ಮಾತಾಡಿಸಿದ್ದರಿಂದ ಹುಟ್ಟಿತು. ಲೋಕವು ಮುಟ್ಟದೆ ದೂರವಿಟ್ಟ ಕೆಲಸಗಳನ್ನು ನಮ್ಮ ಹಿರಿಯರು ಎಷ್ಟೋ ತಲೆಮಾರು ಮಾಡಿದರು. ಅದರಿಂದ ನಿಮ್ಮ ಮೈಗೆ ಏನಾಯಿತೆಂದು ಅವರನ್ನು ಕೇಳಿದವರು ಎಷ್ಟು ಮಂದಿ?

೩. ಕೋಲಾರದ ಸಾಕ್ಷಿ

ನಮ್ಮ ರಾಜ್ಯದಲ್ಲಿಯೇ ಇದಕ್ಕೆ ದೊಡ್ಡ ಸಾಕ್ಷಿಯಿದೆ. ಕೋಲಾರದ ಚಿನ್ನದ ಗಣಿಗಳಲ್ಲಿ ೧೮೮೦ರ ದಶಕದಿಂದ ೨೦೦೧ನೆಯ ಫೆಬ್ರವರಿ ೨೮ರ ವರೆಗೆ ಕೆಲಸ ನಡೆಯಿತು. ಗಣಿಯು ನೆಲದೊಳಗೆ ಮೂರು ಕಿಲೋಮೀಟರಿಗಿಂತ ಆಳಕ್ಕೆ ಇಳಿಯಿತು. ಕೆಳಗೆ ಇಳಿದವರಲ್ಲಿ ಹೆಚ್ಚಿನವರು ತಮಿಳು ಸೀಮೆಯಿಂದ ಬಂದ, ಜಾತಿಯಿಂದ ತುಳಿಯಲ್ಪಟ್ಟ ಬಡವರು. ಅಲ್ಲಿ ಚಿನ್ನವು ಬೆಣಚುಕಲ್ಲಿನೊಳಗೆ ಇತ್ತು. ಆ ಕಲ್ಲನ್ನು ಕೊರೆದು ಸಿಡಿಸಿದಾಗ ಏಳುವ ನುಣ್ಣನೆಯ ಧೂಳು ಪುಪ್ಪುಸದ ಆಳಕ್ಕೆ ಇಳಿದು, ಅಲ್ಲಿ ಗಾಯ ಮಾಡಿ, ಗಾಯವು ಗಂಟುಗಟ್ಟಿ, ಮೆತ್ತಗಿದ್ದ ಪುಪ್ಪುಸವು ಗಡುಸಾಗುವದು. ಈ ರೋಗಕ್ಕೆ ಸಿಲಿಕೋಸಿಸ್ ಎಂದು ಹೆಸರು. ೧೯೪೦ರ ದಶಕದಲ್ಲಿ ವೈದ್ಯರು ಆ ಗಣಿಗಳ ಏಳು ಸಾವಿರಕ್ಕಿಂತ ಹೆಚ್ಚು ಕೆಲಸಗಾರರನ್ನು ಪರೀಕ್ಷಿಸಿದಾಗ ನೂರರಲ್ಲಿ ನಾಲ್ವತ್ತಕ್ಕಿಂತ ಹೆಚ್ಚು ಮಂದಿಯಲ್ಲಿ ಇದು ಕಂಡುಬಂತು.

ಈ ರೋಗದ ವಿಷಯದಲ್ಲಿ ನಾಲ್ಕು ಮಾತುಗಳನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿರಿ. ಕಣ್ಣಿಗೆ ಕಾಣುವ ದಪ್ಪ ಧೂಳು ಮೂಗಿನಲ್ಲಿ ನಿಲ್ಲುವದು. ಕಾಣದ ಧೂಳೇ ಒಳಗೆ ಇಳಿದು ಕೊಲ್ಲುವದು. ಹಾನಿಯಾದ ಪುಪ್ಪುಸವನ್ನು ಮೊದಲಿನಂತೆ ಮಾಡುವ ಔಷಧವಿಲ್ಲ. ಕೆಲಸ ಬಿಟ್ಟ ಮೇಲೆಯೂ ರೋಗವು ಮುಂದುವರಿಯಬಹುದು. ಇದಲ್ಲದೆ, ಈ ರೋಗವುಳ್ಳವನಿಗೆ ಕ್ಷಯರೋಗವು ಬೇಗನೆ ಹತ್ತುವದು. ಬೇನೆಯು ಇಷ್ಟು ಕಠಿಣವಾಗಿದ್ದರೂ ಅದನ್ನು ತಡೆಯುವ ಉಪಾಯವು ಸುಲಭ: ಕಲ್ಲನ್ನು ಒಣಗಿದ್ದಾಗ ಕೊರೆಯದೆ ನೀರು ಬಿಟ್ಟು ಕೊರೆದರೆ ಧೂಳಿನ ಬಹುಭಾಗವು ಏಳುವದೇ ಇಲ್ಲ.

ಕೋಲಾರ ನಮಗೆ ದೂರವೆಂದು ಹೇಳಬೇಡಿರಿ. ಬೀದರ, ಭಾಲ್ಕಿ, ಔರಾದ ಸೀಮೆಯ ಯುವಕರು ಹೈದರಾಬಾದಿಗೂ ಪುಣೆಗೂ ಬೆಂಗಳೂರಿಗೂ ಕಟ್ಟಡದ ಕೆಲಸಕ್ಕೆ ಹೋಗುತ್ತಾರೆ. ಅಲ್ಲಿ ಗ್ರಾನೈಟ್ ಕಲ್ಲನ್ನೂ ಟೈಲ್ಸನ್ನೂ ಯಂತ್ರದಿಂದ ಒಣದಾಗಿ ಕೊಯ್ಯುವವನ ಮುಖವು ಹಿಟ್ಟಿನ ಗಿರಣಿಯವನ ಮುಖದಂತೆ ಬೆಳ್ಳಗಾಗುವದು. ಅದು ಜೋಳದ ಹಿಟ್ಟಲ್ಲ. ಕೋಲಾರದಲ್ಲಿ ಕೊಂದ ಧೂಳಿನ ಜಾತಿಯದೇ.

೪. ನಮ್ಮ ಸೀಮೆಯ ಕೆಲಸಗಳು

ಬಿದರಿ ಕೆಲಸ. ಬೀದರಿನ ಹೆಸರನ್ನು ಲೋಕಕ್ಕೆ ಸಾರಿದ ಈ ಕಸುಬಿಗೆ ೨೦೦೬ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಇದರ ಪಾತ್ರೆಗಳನ್ನು ಬಹುಪಾಲು ಸತು, ಸ್ವಲ್ಪ ತಾಮ್ರ ಕೂಡಿಸಿ ಎರಕ ಹೊಯ್ಯುತ್ತಾರೆ, ಅರದಿಂದ ಉಜ್ಜುತ್ತಾರೆ, ಬೆಳ್ಳಿಯ ತಂತಿಯನ್ನು ಕೂಡಿಸಿದ ಮೇಲೆ ಕೋಟೆಯ ಮಣ್ಣನ್ನೂ ನವಸಾಗರವನ್ನೂ ಹಚ್ಚಿ ಕಪ್ಪು ಬರಿಸುತ್ತಾರೆ. ಸತುವು ಮಿತಿಮೀರಿ ಕಾದರೆ ಬಿಳೀ ಹೊಗೆ ಏಳುವದು. ಅದನ್ನು ಎಳೆದುಕೊಂಡವನಿಗೆ ಕೆಲವು ತಾಸುಗಳ ಮೇಲೆ ನಡುಕವೂ ಜ್ವರವೂ ಬಂದು, ಒಂದೆರಡು ದಿನಗಳಲ್ಲಿ ಇಳಿಯುವದು. ದಿನಾಲು ಹೊಗೆಯಲ್ಲಿ ಇರುವವನ ಮೈ ಅದಕ್ಕೆ ಒಗ್ಗಿಕೊಳ್ಳುವದು. ಒಂದು ದಿನ ಬಿಡುವಾದರೆ ಆ ಒಗ್ಗಿಕೆ ಹೋಗಿ ಮರುದಿನ ಜ್ವರವು ಹೊಸದಾಗಿ ಬರುವದು. ಆದಕಾರಣ ಪಾಶ್ಚಾತ್ಯ ದೇಶಗಳ ಎರಕದವರು ಇದಕ್ಕೆ ಸೋಮವಾರದ ಜ್ವರವೆಂದು ಹೆಸರಿಟ್ಟರು. ಭಾನುವಾರದ ವಿಶ್ರಾಂತಿಯಿಂದ ಜ್ವರ ಬಂತೆಂದು ಯಾರೂ ತಿಳಿಯಬಾರದು, ಹೊಗೆಯಿಂದ ಬಂತು. ಕುಲುಮೆಯ ಮೇಲೆ ಹೊಗೆ ಹೊರಗೆ ಹೋಗುವ ದಾರಿ ಇರಲಿ. ಎರಕವು ಮಲಗುವ ಕೋಣೆಯಲ್ಲಿ ನಡೆಯದಿರಲಿ.

ಬೆಳೆಗೆ ಔಷಧ ಹೊಡೆಯುವದು. ನಾವು ಅದನ್ನು ಔಷಧವೆಂದೂ ಎಣ್ಣೆಯೆಂದೂ ಕರೆಯುತ್ತೇವೆ. ನಿಜವಾಗಿ ಅದು ವಿಷ. ೨೦೧೭ರಲ್ಲಿ ನೆರೆಯ ಮಹಾರಾಷ್ಟ್ರದ ಯವತಮಾಳ ಜಿಲ್ಲೆಯಲ್ಲಿ ಹತ್ತಿಯ ಹೊಲಗಳಿಗೆ ಇದನ್ನು ಸಿಂಪಡಿಸಿದವರಲ್ಲಿ ಸುಮಾರು ಇಪ್ಪತ್ತು ಮಂದಿ ಸತ್ತರು. ನೂರಾರು ಮಂದಿ ದವಾಖಾನೆ ಸೇರಿದರು. ಅವರಲ್ಲಿ ಪರರ ಹೊಲದಲ್ಲಿ ಕೂಲಿಗೆ ಪಂಪು ಹೊತ್ತವರೂ ಇದ್ದರು. ನಮ್ಮಲ್ಲಿ ತೊಗರಿಯು ಹೂವು ಕಾಯಿ ಕಟ್ಟುವ ಕಾಲದಲ್ಲಿ ಇದೇ ಅಪಾಯವಿದೆ. ಡಬ್ಬಿಯ ಮೇಲೆ ಬಣ್ಣದ ಗುರುತು ಇರುವದು: ಕೆಂಪು ಎಲ್ಲಕ್ಕಿಂತ ಘೋರವಾದದ್ದು, ಅನಂತರ ಹಳದಿ, ನೀಲಿ, ಹಸಿರು. ಅಕ್ಷರ ಬಾರದವನೂ ಬಣ್ಣವನ್ನು ಓದಬಲ್ಲನು. ಗಾಳಿಗೆ ಎದುರಾಗಿ ಹೊಡೆಯಬೇಡಿರಿ; ಕಟ್ಟಿಕೊಂಡ ನಳಿಗೆಯನ್ನು ಬಾಯಿಂದ ಊದಬೇಡಿರಿ; ಕೈ ತೊಳೆಯದೆ ರೊಟ್ಟಿಯನ್ನೂ ತಂಬಾಕನ್ನೂ ಮುಟ್ಟಬೇಡಿರಿ; ಖಾಲಿ ಡಬ್ಬಿಯಲ್ಲಿ ನೀರು ತುಂಬಿಡಬೇಡಿರಿ. ವಿಷದ ಬಟ್ಟೆಯನ್ನು ಒಗೆಯುವ ತಾಯಂದಿರಿಗೂ ಅದು ಚರ್ಮದಿಂದ ಏರುವದು. ಆ ಬಟ್ಟೆಗಳನ್ನು ಬೇರೆಯಾಗಿಯೇ ಒಗೆಯಬೇಕು. ಬೆವರು, ಜೊಲ್ಲು, ವಾಂತಿ, ಮಸುಕು ಕಣ್ಣು, ಸ್ನಾಯುಗಳ ಅದುರುವಿಕೆ, ಉಸಿರಿನ ಕಷ್ಟ ಕಂಡಕೂಡಲೆ ಬಟ್ಟೆ ಕಳಚಿ, ಸಾಬೂನು ಹಚ್ಚಿ ಮೈ ತೊಳೆದು, ಡಬ್ಬಿಯ ಸಹಿತವಾಗಿ ದವಾಖಾನೆಗೆ ಒಯ್ಯಿರಿ. ಡಬ್ಬಿಯನ್ನು ನೋಡಿದರೆ ವೈದ್ಯನಿಗೆ ತಕ್ಕ ಮದ್ದು ಕೂಡಲೆ ತಿಳಿಯುವದು.

ಗುಂಡಿಯ ಕೆಲಸ. ಶೌಚದ ಗುಂಡಿಯಲ್ಲಿಯೂ ಚರಂಡಿಯಲ್ಲಿಯೂ ಕೂಡುವ ವಿಷವಾಯುವು ಮೊದಲು ಕೊಳೆತ ಮೊಟ್ಟೆಯಂತೆ ನಾರುವದು. ಹೆಚ್ಚಾದಾಗ ಮೂಗಿನ ಶಕ್ತಿಯನ್ನೇ ಕೆಡಿಸುವದರಿಂದ ನಾತವಿಲ್ಲವೆಂದು ಇಳಿದವನು ಕ್ಷಣದಲ್ಲಿ ಬೀಳುವನು. ಅವನನ್ನು ಎತ್ತಲಿಕ್ಕೆ ಇಳಿದ ಅಣ್ಣನೂ ಅವನ ಹಿಂದೆ ಇಳಿದ ಗೆಳೆಯನೂ ಬೀಳುವರು. ಒಂದೇ ಗುಂಡಿಯಿಂದ ಇಬ್ಬರು ಮೂವರ ಹೆಣಗಳನ್ನು ತೆಗೆಯುವದು ಇದೇ ಕಾರಣದಿಂದ. ಮಲವನ್ನು ಮನುಷ್ಯರ ಕೈಯಿಂದ ಬಳಿಸುವದನ್ನು ೧೯೯೩ರಲ್ಲಿ ಕಾನೂನು ನಿಷೇಧಿಸಿತು. ೨೦೧೩ರ ಕಾನೂನು ಅದನ್ನು ಇನ್ನೂ ಬಿಗಿ ಮಾಡಿತು. ಆದಕಾರಣ ಈ ಕೆಲಸಕ್ಕೆ ನಮ್ಮ ಉತ್ತರವು ಒಂದೇ: ಯಂತ್ರ ಬರಲಿ, ಮನುಷ್ಯನು ಇಳಿಯಕೂಡದು. ಕೂಲಿ ದುಪ್ಪಟ್ಟು ಕೊಟ್ಟರೂ, ಊರ ದೊಡ್ಡವರು ಕರೆದರೂ ಇಳಿಯಕೂಡದು.

೫. ಕುಂಬಿಯನ್ನು ಕಟ್ಟುವ ಕ್ರಮ

ಬಾಯಿಗೆ ಒಂದು ವಸ್ತ್ರ ಕಟ್ಟಿಕೊಂಡರೆ ಸಾಕೆಂದು ಹಲವರು ತಿಳಿಯುತ್ತಾರೆ. ವಸ್ತ್ರವು ದಪ್ಪ ಧೂಳನ್ನು ತಡೆದೀತು. ಕೊಲ್ಲುವ ಸಣ್ಣ ಧೂಳನ್ನೂ ವಿಷವಾಯುವನ್ನೂ ತಡೆಯದು. ರಕ್ಷಣೆಗೆ ಒಂದು ಕ್ರಮವಿದೆ. ಮೊದಲು, ಅಪಾಯವೇ ಇಲ್ಲದಂತೆ ಮಾಡಲಾಗುವದೋ ನೋಡಬೇಕು. ಕಲಬುರಗಿ ಸೀಮೆಯ ತೊಗರಿ ಬೆಳೆಗಾರರಲ್ಲಿ ಗಿಡವನ್ನು ಅಲುಗಿಸಿ ಕಾಯಿಕೊರಕ ಹುಳವನ್ನು ಬಟ್ಟೆಯ ಮೇಲೆ ಬೀಳಿಸಿ ಕೊಲ್ಲುವ ಪದ್ಧತಿಯುಂಟು. ಅಷ್ಟರ ಮಟ್ಟಿಗೆ ವಿಷವು ಕಡಿಮೆಯಾಗುವದು. ಎರಡನೆಯದಾಗಿ, ಧೂಳನ್ನೂ ಹೊಗೆಯನ್ನೂ ಹುಟ್ಟುವ ಸ್ಥಳದಲ್ಲಿಯೇ ನೀರಿನಿಂದಲೋ ಹೊಗೆಗೊಳವೆಯಿಂದಲೋ ತಡೆಯಬೇಕು. ಮೂರನೆಯದಾಗಿ, ಗಾಳಿ ಆಡುವಂತೆ ಮಾಡಿ, ಒಬ್ಬನೇ ದಿನವೆಲ್ಲಾ ಅಲ್ಲಿ ನಿಲ್ಲದಂತೆ ಸರದಿ ಹಾಕಬೇಕು. ಇಷ್ಟಾದ ಮೇಲೆ ಕಡೆಯದಾಗಿ ತಕ್ಕ ಮುಖಗವಸು, ಕೈಗವಸು, ಕನ್ನಡಕ, ಬೂಟು. ಅವುಗಳನ್ನೂ ಕೆಲಸ ಕೊಡುವವನೇ ಒದಗಿಸಬೇಕು. ನಮ್ಮಲ್ಲಿ ಈ ಕ್ರಮವು ತಲೆಕೆಳಗಾಗಿದೆ: ಕಡೆಯದನ್ನು ಮೊದಲು ಹೇಳಿ, ಅದನ್ನೂ ಕೂಲಿಯವನೇ ಕೊಂಡುಕೊಳ್ಳಲೆಂದು ಬಿಡುತ್ತಾರೆ.

ಇದು ಹೊಸ ಕಾಲದ ಪಾಠವೆಂದು ಎಣಿಸಬೇಡಿರಿ. ಬೀದರಿನ ಬಳಿಯ ನೌಬಾದಿನಲ್ಲಿ ಬಹಮನಿ ಅರಸರ ಕಾಲದ ಸುರಂಗ ಬಾವಿಯನ್ನು ನೋಡಿರಿ. ಕೆಂಪು ಕಲ್ಲಿನ ನೆಲದೊಳಗೆ ನೀರಿಗಾಗಿ ಉದ್ದವಾದ ಸುರಂಗವನ್ನು ಕೊರೆದವರು ನಡುನಡುವೆ ಮೇಲಿನಿಂದ ಬಾವಿಯಂಥ ಬಾಯಿಗಳನ್ನು ತೋಡಿದರು. ಅಗೆದ ಮಣ್ಣು ಅದರಿಂದ ಮೇಲೆ ಬಂತು. ಗಾಳಿಯೂ ಬೆಳಕೂ ಅದರಿಂದ ಕೆಳಗೆ ಹೋದವು. ಐದುನೂರು ವರುಷಗಳ ಹಿಂದೆ ನೆಲದೊಳಗಿನ ಕೆಲಸಗಾರನಿಗೆ ಉಸಿರು ಬೇಕೆಂದು ತಿಳಿದಿದ್ದರೆ, ಇಂದು ತಿಳಿಯಲಿಲ್ಲವೆಂದು ಹೇಳಲಿಕ್ಕೆ ನಮಗೆ ಬಾಯಿಲ್ಲ.

೬. ಮುಚ್ಚದ ಗುಂಡಿಯ ನಿಯಮ

ವಿಮೋಚನಕಾಂಡದ ೨೧ನೆಯ ಅಧ್ಯಾಯವು ಇನ್ನೊಂದು ನ್ಯಾಯವನ್ನು ಹೇಳುವದು. ಗುಂಡಿಯನ್ನು ಅಗೆದು ಮುಚ್ಚದೆ ಬಿಟ್ಟವನು, ಅದರಲ್ಲಿ ನೆರೆಯವನ ಎತ್ತು ಬಿದ್ದು ಸತ್ತರೆ, ಅದರ ಬೆಲೆಯನ್ನು ಕೊಡಬೇಕು. ಎತ್ತಿಗೇ ಇಷ್ಟು ನ್ಯಾಯವಿದ್ದರೆ ದೇವರ ಸ್ವರೂಪದಲ್ಲಿ ಉಂಟುಮಾಡಲ್ಪಟ್ಟ ಮನುಷ್ಯನಿಗೆ ಎಷ್ಟೋ ಹೆಚ್ಚಾಗಿ ಇರಬೇಕಲ್ಲವೇ?

ನಮ್ಮ ದೇಶದ ಕಾನೂನೂ ಇದನ್ನು ಒಪ್ಪಿದೆ. ಕೆಲಸದಲ್ಲಿ ಗಾಯವಾದವನಿಗೂ ಪಟ್ಟಿಯಲ್ಲಿ ಹೇಳಿದ ಕಸುಬಿನ ರೋಗ ಬಂದವನಿಗೂ ಪರಿಹಾರ ಸಲ್ಲಬೇಕೆಂಬ ಕಾಯಿದೆ ೧೯೨೩ರಲ್ಲಿ ಹುಟ್ಟಿತು. ಈಗ ೨೦೨೦ರ ಸಾಮಾಜಿಕ ಭದ್ರತಾ ಸಂಹಿತೆಯು ಅದರ ಸ್ಥಾನದಲ್ಲಿ ಇದೆ. ಸಿಲಿಕೋಸಿಸ್ ಆ ಪಟ್ಟಿಯಲ್ಲಿ ಸೇರಿದೆ. ಚರಂಡಿಯ ಕೆಲಸದಲ್ಲಿ ಸತ್ತವರ ಮನೆಯವರಿಗೆ ಹತ್ತು ಲಕ್ಷ ರೂಪಾಯಿ ಕೊಡಬೇಕೆಂದು ಸುಪ್ರೀಂ ಕೋರ್ಟು ೨೦೧೪ರಲ್ಲಿ ತೀರ್ಪು ಮಾಡಿತು. ೨೦೨೩ರಲ್ಲಿ ಅದನ್ನು ಮೂವತ್ತು ಲಕ್ಷಕ್ಕೆ ಏರಿಸಿತು. ಕಟ್ಟಡದ ಕೆಲಸಗಾರರಿಗಾಗಿ ರಾಜ್ಯದ ಕಲ್ಯಾಣ ಮಂಡಳಿಯಿದೆ. ವರುಷದಲ್ಲಿ ೯೦ ದಿನ ಆ ಕೆಲಸ ಮಾಡಿದವನು ಅದರಲ್ಲಿ ಹೆಸರು ಬರೆಸಬಹುದು.

ಆದರೆ ಒಂದು ತೊಡಕು ಉಂಟು. ಪರಿಹಾರ ಬೇಡುವವನು ತಾನು ಎಲ್ಲಿ, ಎಷ್ಟು ವರುಷ, ಯಾರ ಕೈಕೆಳಗೆ ದುಡಿದನೆಂದು ತೋರಿಸಬೇಕು. ಮೇಸ್ತ್ರಿಯ ಬಾಯಿಮಾತಿನ ಮೇಲೆ ಊರೂರು ತಿರುಗಿದ ಬಡವನ ಬಳಿಯಲ್ಲಿ ಒಂದು ಚೀಟಿಯೂ ಇರುವದಿಲ್ಲ. ಇಲ್ಲಿ ಸಭೆಯು ದೊಡ್ಡ ಉಪಕಾರ ಮಾಡಬಲ್ಲದು. ನಮ್ಮ ಸಭೆಗಳಲ್ಲಿ ದೀಕ್ಷಾಸ್ನಾನಕ್ಕೂ ವಿವಾಹಕ್ಕೂ ಮರಣಕ್ಕೂ ಪುಸ್ತಕವಿದೆ. ದುಡಿಮೆಗೂ ಒಂದು ಪುಸ್ತಕವಿರಲಿ. ಊರು ಬಿಟ್ಟು ಹೋಗುವವನ ಹೆಸರು, ಹೋದ ತಿಂಗಳು, ಕೆಲಸದ ಸ್ಥಳ, ಕೆಲಸದ ಬಗೆ, ಮೇಸ್ತ್ರಿಯ ಹೆಸರು, ಮರಳಿ ಬಂದ ದಿನ, ಇಷ್ಟನ್ನು ಉಪದೇಶಿಯು ಬರೆದಿಡಲಿ. ಎದೆಯ ಎಕ್ಸರೇ ಹಾಳೆಗಳನ್ನು ಮನೆಯವರು ಜೋಪಾನವಾಗಿ ಇಡಲಿ. ಹತ್ತು ವರುಷಗಳ ಮೇಲೆ ಒಬ್ಬ ವಿಧವೆಗೆ ಆ ಒಂದು ಸಾಲು ಅನ್ನವಾದೀತು.

೭. ಯಾರ ಪಾಪದಿಂದ?

ಹುಟ್ಟುಕುರುಡನನ್ನು ಕಂಡ ಶಿಷ್ಯರು ಇದು ಯಾರ ಪಾಪದ ಫಲವೆಂದು ಕೇಳಿದರು. ಅವನದೂ ಅಲ್ಲ, ತಂದೆತಾಯಿಗಳದೂ ಅಲ್ಲವೆಂದು ಕರ್ತನು ಆ ಪ್ರಶ್ನೆಯನ್ನೇ ತಳ್ಳಿಬಿಟ್ಟು, ಅವನ ಕಣ್ಣುಗಳನ್ನು ತೆರೆಯುವ ಕೆಲಸಕ್ಕೆ ಕೈಹಾಕಿದನು. ನಮ್ಮ ಹಳ್ಳಿಗಳಲ್ಲಿ ಕೆಮ್ಮುತ್ತಾ ಬಿದ್ದಿರುವವನನ್ನು ಕಂಡು ಕೆಲವರು ಕರ್ಮವೆನ್ನುತ್ತಾರೆ, ಕೆಲವರು ಕುಡಿತವೆನ್ನುತ್ತಾರೆ, ನಮ್ಮವರೇ ಕೆಲವರು ದೇವರ ಶಿಕ್ಷೆಯೆನ್ನುತ್ತಾರೆ. ಅವನ ಮಂಚದ ಬಳಿಯಲ್ಲಿ ಮೊಣಕಾಲೂರಿ ಪ್ರಾರ್ಥಿಸುವದು ಸರಿಯೇ. ಆದರೆ ಎದ್ದ ಮೇಲೆ, ಸಹೋದರನೇ, ನೀನು ಎಂಥ ಕೆಲಸ ಮಾಡಿದಿ ಎಂದು ಕೇಳಿರಿ. ಎರಡು ವಾರಕ್ಕಿಂತ ಹೆಚ್ಚು ಕೆಮ್ಮಿದ್ದರೆ ಸರಕಾರದ ದವಾಖಾನೆಗೆ ಕರೆದುಕೊಂಡು ಹೋಗಿರಿ. ಅಲ್ಲಿ ಕಫದ ಪರೀಕ್ಷೆಗೆ ಹಣವಿಲ್ಲ. ವೈದ್ಯರು ಕೇಳದಿದ್ದರೂ ಅವನ ಕಸುಬನ್ನು ನೀವೇ ಹೇಳಿರಿ. ಕ್ಷಯವೆಂದು ವರುಷಗಟ್ಟಲೆ ಗುಳಿಗೆ ನುಂಗಿದವನ ಎದೆಯಲ್ಲಿ ಕಲ್ಲಿನ ಧೂಳು ಇರಬಹುದು, ಎರಡೂ ಇರಬಹುದು.

ಕಡೆಯದಾಗಿ, ಈ ಪಾಠವು ದೊಡ್ಡ ಯಜಮಾನರಿಗೆ ಮಾತ್ರ ಎಂದು ತಿಳಿಯಬೇಡಿರಿ. ನಮ್ಮಲ್ಲಿ ಎರಡು ಎಕರೆ ಹೊಲವುಳ್ಳವನು ಔಷಧ ಹೊಡೆಯಲಿಕ್ಕೆ ನೆರೆಯ ಹುಡುಗನನ್ನು ಕರೆಯುತ್ತಾನೆ. ಮನೆಯ ಗುಂಡಿ ತುಂಬಿದಾಗ ನಾವೂ ಯಾರನ್ನೋ ಕರೆಯುತ್ತೇವೆ. ಆ ದಿನದ ಮಟ್ಟಿಗೆ ನಾವೇ ಮನೆಯ ಯಜಮಾನರು; ಮಾಳಿಗೆಯೂ ನಮ್ಮದು, ಕುಂಬಿಯ ಲೆಕ್ಕವೂ ನಮ್ಮದು. ಮಣ್ಣಿನಿಂದ ಮನುಷ್ಯನನ್ನು ರೂಪಿಸಿ ಅವನ ಮೂಗಿನಲ್ಲಿ ಶ್ವಾಸವನ್ನು ಊದಿದಾತನು, ಆ ಶ್ವಾಸವನ್ನು ಎಂಟಾಣೆ ಉಳಿಸುವದಕ್ಕಾಗಿ ಕೆಡಿಸಿದವರನ್ನು ವಿಚಾರಿಸದೆ ಬಿಡನು. ಈ ವಾರವೇ ನಿಮ್ಮ ಮಾಳಿಗೆಯ ಅಂಚನ್ನು ಹೋಗಿ ನೋಡಿರಿ.

ಕೂಟದಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು

೧. ಕುಂಬಿಯನ್ನು ಕಟ್ಟುವ ಹೊಣೆಯು ಯಾರದು? ಯಾವಾಗ ಕಟ್ಟಬೇಕು?

೨. ನಮ್ಮ ಸಭೆಯಲ್ಲಿ ಕಲ್ಲು, ಎರಕ, ವಿಷ, ಗುಂಡಿ ಇವುಗಳ ಕೆಲಸ ಮಾಡುವವರು ಯಾರು ಯಾರು? ಅವರ ಆರೋಗ್ಯವನ್ನು ಈ ವರುಷ ಯಾರಾದರೂ ವಿಚಾರಿಸಿದರೋ?

೩. ವಸ್ತ್ರ ಕಟ್ಟಿಕೊಳ್ಳುವದು ರಕ್ಷಣೆಯ ಕ್ರಮದಲ್ಲಿ ಕಡೆಯದು ಯಾಕೆ?

೪. ಗುಂಡಿಯಲ್ಲಿ ಒಬ್ಬನು ಬಿದ್ದರೆ ಅವನ ಹಿಂದೆ ಯಾಕೆ ಇಳಿಯಕೂಡದು?

೫. ದುಡಿಮೆಯ ಪುಸ್ತಕವನ್ನು ನಮ್ಮ ಸಭೆಯಲ್ಲಿ ಯಾರು ಬರೆಯುವರು? ಎಂದಿನಿಂದ?